‘ನಾ ಹೊಂಟೆ’ ಎಂಬ ಹಾಡಿಗೆ ಬಂದ 47 ಅಂಕ: ಯೂರೋವಿಷನ್ 2021ರಲ್ಲಿ ಮಾಲ್ಟಾದ ಡೆಸ್ಟಿನಿ

2021ರ ಮೇ 22ರ ರಾತ್ರಿ, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದ ಅಹೋಯ್ ಸಭಾಂಗಣದಲ್ಲಿ, ಯೂರೋಪು ಮತ್ತು ಸುತ್ತಲಿನ ದೇಶಗಳು ವರ್ಷಕ್ಕೊಂದು ಹಾಡು ಕಳಿಸುವ ಯೂರೋವಿಷನ್ ಸ್ಪರ್ಧೆಯ ಅಂತಿಮ ಸುತ್ತು ಕೊನೆಯ ಘಟ್ಟಕ್ಕೆ ಬಂದಿತ್ತು. 39 ದೇಶಗಳ ತೀರ್ಪುಗಾರರು ಕೊಟ್ಟ ಅಂಕಗಳನ್ನು ಓದಿ ಮುಗಿಸಿದಾಗ 267 ಅಂಕಗಳೊಂದಿಗೆ ಸ್ವಿಟ್ಜರ್‌ಲ್ಯಾಂಡ್ ಮೊದಲ ಸ್ಥಾನದಲ್ಲಿಯೂ 248ರೊಂದಿಗೆ ಫ್ರಾನ್ಸ್ ಎರಡನೆಯದರಲ್ಲಿಯೂ 208ರೊಂದಿಗೆ ಮಾಲ್ಟಾ ಮೂರನೆಯದರಲ್ಲಿಯೂ ಇದ್ದವು. ಇಟಲಿ 206ರಲ್ಲಿತ್ತು, ಮಾಲ್ಟಾಕ್ಕಿಂತ ಎರಡೇ ಅಂಕ ಹಿಂದೆ. ಇನ್ನು ಉಳಿದದ್ದು ಮನೆಯಲ್ಲಿ ಕುಳಿತು ನೋಡುವವರ ಮತ. ಅದನ್ನು ತೀರ್ಪುಗಾರರ ಪಟ್ಟಿಯ ತಳದಲ್ಲಿರುವ ದೇಶದಿಂದ ಆರಂಭಿಸಿ ಒಂದೊಂದಾಗಿ ಮೇಲಕ್ಕೆ ಓದುತ್ತಾ ಹೋಗುವುದು ಪದ್ಧತಿ. ಆ ರಾತ್ರಿ ನಾಲ್ಕು ದೇಶಗಳಿಗೆ ಜನರಿಂದ ಸೊನ್ನೆ ಬಂದಿತ್ತು. ಇಟಲಿಯ ಸರದಿ ಬಂದಾಗ ನಿರೂಪಕರು ಓದಿದ ಸಂಖ್ಯೆ 318. ಅದರ ಬೆನ್ನಿಗೇ ಮಾಲ್ಟಾದ ಸರದಿ. ಓದಿದ ಸಂಖ್ಯೆ 47.

ಬೆಂಗಳೂರಿನಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರು. ಎರಡನೆಯ ಅಲೆಯ ಲಾಕ್‌ಡೌನ್‌ನಲ್ಲಿ ನಿದ್ದೆಗೂ ಎಚ್ಚರಕ್ಕೂ ಹೊತ್ತುಗೊತ್ತು ಇರಲಿಲ್ಲವಾದ್ದರಿಂದ ನಾನು ಅದನ್ನು ಯೂಟ್ಯೂಬಿನಲ್ಲಿ ನೇರವಾಗಿ ನೋಡುತ್ತಿದ್ದೆ. ಸಂಖ್ಯೆ ಕೇಳಿ ಮೊದಲು ಹೊಳೆದದ್ದು, ಓದುವಾಗ ಮುಂದಿನ ಒಂದು ಅಂಕಿ ಬಿಟ್ಟುಹೋಗಿರಬೇಕು ಎಂಬುದು. ಬಿಟ್ಟುಹೋಗಿರಲಿಲ್ಲ. ಮಾಲ್ಟಾ ಒಟ್ಟು 255 ಅಂಕಗಳೊಂದಿಗೆ ಏಳನೆಯ ಸ್ಥಾನಕ್ಕೆ ಇಳಿಯಿತು, ಜನಮತವನ್ನಷ್ಟೇ ಲೆಕ್ಕ ಹಾಕಿದರೆ ಅದರ ಸ್ಥಾನ ಹದಿನಾಲ್ಕನೆಯದು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬಾಜಿ ಕಟ್ಟುವವರ ಪಟ್ಟಿಯಲ್ಲಿ ಕೆಲಕಾಲ ಮೊದಲ ಸ್ಥಾನದಲ್ಲಿಯೇ ಇದ್ದ ಹಾಡು ಇದು. ಹದಿನೆಂಟು ವರ್ಷದ ಗಾಯಕಿ ಡೆಸ್ಟಿನಿ ತನ್ನ ದೇಹ, ತನ್ನ ಮಾತು, ತನ್ನ ಇಷ್ಟಗಳ ಯಜಮಾನಿಕೆ ತನ್ನದೇ ಎಂದು ಗಟ್ಟಿ ಗಂಟಲಿನಲ್ಲಿ ಸಾರಿದ ಹಾಡು, ಸಂಗೀತ ಬಲ್ಲ ತೀರ್ಪುಗಾರರನ್ನು ಒಲಿಸಿಕೊಂಡು ಜನರ ಎದುರು ಏಕೆ ಸೋತಿತು ಎಂಬುದನ್ನು ತುಸು ನಿಧಾನವಾಗಿ ನೋಡುವ ಪ್ರಯತ್ನ ಈ ಬರಹ.

ಗಾಯಕಿ, ಮತ್ತು ಆಕೆಯ ಹಿಂದಿದ್ದ ದ್ವೀಪ

ಮಾಲ್ಟಾ ಮೆಡಿಟರೇನಿಯನ್ ಸಮುದ್ರದ ನಡುವಿನ 316 ಚದರ ಕಿಲೋಮೀಟರಿನ ದೇಶ, ಅಂದರೆ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗಿದ್ದ ವ್ಯಾಪ್ತಿಯ ಅರ್ಧಕ್ಕಿಂತಲೂ ಕಡಿಮೆ. ಜನಸಂಖ್ಯೆ ಐದು ಲಕ್ಷವನ್ನು ಸ್ವಲ್ಪ ಮೀರುತ್ತದೆ. ಇಷ್ಟು ಸಣ್ಣ ನಾಡಿಗೆ ಯೂರೋವಿಷನ್ ವರ್ಷಕ್ಕೊಮ್ಮೆ ಬರುವ ಟಿವಿ ಕಾರ್ಯಕ್ರಮ ಮಾತ್ರವಲ್ಲ, ಊರ ಜಾತ್ರೆಯಷ್ಟೇ ಹಚ್ಚಿಕೊಂಡ ಸಂಗತಿ. 1971ರಲ್ಲಿ ಮೊದಲ ಬಾರಿ ಸ್ಪರ್ಧಿಸಿ ಕಟ್ಟಕಡೆಯ ಸ್ಥಾನ ಪಡೆದ ಮಾಲ್ಟಾ 1972ರಲ್ಲಿಯೂ ಕಡೆಯ ಸ್ಥಾನದಲ್ಲಿಯೇ ಉಳಿಯಿತು. 1975ರ ನಂತರ ಬಹುಕಾಲ ದೂರವಿದ್ದು 1991ರಲ್ಲಿ ಮರಳಿದ ಮೇಲೆ ಅದರ ಹಟ ಬಿಟ್ಟಿಲ್ಲ. 2002ರಲ್ಲಿ ಐರಾ ಲೋಸ್ಕೊ ಲಾಟ್ವಿಯಾಕ್ಕಿಂತ 12 ಅಂಕ ಹಿಂದೆ ಬಿದ್ದು ಎರಡನೆಯವರಾದರು. 2005ರಲ್ಲಿ ಕಿಯಾರಾ ಕೂಡ ಎರಡನೆಯವರೇ. ಗೆಲುವು ಇವತ್ತಿಗೂ ಸಿಕ್ಕಿಲ್ಲ.

ಡೆಸ್ಟಿನಿ ಚುಕುನ್ಯೇರೆ ಹುಟ್ಟಿದ್ದು 2002ರ ಆಗಸ್ಟ್‌ನಲ್ಲಿ, ಬಿರ್ಕಿರ್‌ಕಾರಾ ಪಟ್ಟಣದಲ್ಲಿ. ತಂದೆ ನೈಜೀರಿಯಾದಿಂದ ಬಂದು ಮಾಲ್ಟಾದಲ್ಲಿ ನೆಲೆಸಿದ ಫುಟ್‌ಬಾಲ್ ಆಟಗಾರರು, ತಾಯಿ ಮಾಲ್ಟಾದವರು. 2015ರ ನವೆಂಬರ್‌ನಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಜೂನಿಯರ್ ಯೂರೋವಿಷನ್‌ನಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ‘ನಾಟ್ ಮೈ ಸೋಲ್’ ಎಂಬ ಹಾಡಿನಿಂದ 185 ಅಂಕ ಗಳಿಸಿ ಆಕೆ ಗೆದ್ದರು. ಆ ಸ್ಪರ್ಧೆಯಲ್ಲಿ ಅದುವರೆಗೆ ಯಾರೂ ಅಷ್ಟು ಅಂಕ ಪಡೆದಿರಲಿಲ್ಲ. ಏನು ಬೇಕಾದರೂ ಅನ್ನಿ, ಒಳಗಿರುವ ಆತ್ಮ ಮಾತ್ರ ನಿಮ್ಮ ಕೈಗೆ ಸಿಗದು ಎಂಬುದು ಆ ಹಾಡಿನ ತಿರುಳು. ಅಂದರೆ ಆತ್ಮಬಲದ ಹಾಡು ಆಕೆಗೆ 2021ರಲ್ಲಿ ಹೊಸದಾಗಿ ತೊಡಿಸಿದ ಅಂಗಿಯಲ್ಲ, ಬಾಲ್ಯದಿಂದಲೇ ಹಾಡಿಕೊಂಡು ಬಂದದ್ದು. ಆ ಹಳೆಯ ಹಾಡನ್ನು ಬರೆದವರು ಎಲ್ಟನ್ ಝಾರ್ಬ್ ಮತ್ತು ಮ್ಯಾಥ್ಯೂ ಮೆರ್ಚೀಕಾ, ಇಬ್ಬರೂ ಮಾಲ್ಟಾದವರು ಎಂಬುದನ್ನು ಇಲ್ಲಿ ನೆನಪಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಮಧ್ಯದ ವರ್ಷಗಳನ್ನು ಬೇಗ ದಾಟಬಹುದು. 2017ರಲ್ಲಿ ಬ್ರಿಟನ್ನಿನ ಪ್ರತಿಭಾ ಸ್ಪರ್ಧೆಯೊಂದರ ಸೆಮಿಫೈನಲ್, 2019ರಲ್ಲಿ ಟೆಲ್ ಅವೀವ್‌ನಲ್ಲಿ ಮಾಲ್ಟಾದ ಗಾಯಕಿ ಮಿಕೇಲಾಗೆ ಹಿನ್ನೆಲೆಯ ದನಿ, 2020ರ ಫೆಬ್ರವರಿಯಲ್ಲಿ ಐರಾ ಲೋಸ್ಕೊ ಮಾರ್ಗದರ್ಶನದಲ್ಲಿ ಎಕ್ಸ್ ಫ್ಯಾಕ್ಟರ್ ಮಾಲ್ಟಾ ಎಂಬ ಟಿವಿ ಗಾಯನ ಸ್ಪರ್ಧೆಯಲ್ಲಿ ಗೆಲುವು. ಆ ಗೆಲುವಿನ ಬಹುಮಾನವೇ ಯೂರೋವಿಷನ್‌ನ ಅವಕಾಶ. ಹಾಡು ಸಿದ್ಧವಾಯಿತು, ಬಿಡುಗಡೆಯೂ ಆಯಿತು, ಅಷ್ಟರಲ್ಲಿ ಕೋವಿಡ್ ಬಂದು ಮಾರ್ಚ್ 18ರಂದು ಸ್ಪರ್ಧೆಯೇ ರದ್ದಾಯಿತು. 2020ರ ಹಾಡನ್ನು 2021ಕ್ಕೆ ಮರಳಿ ತರುವಂತಿಲ್ಲ ಎಂದು ಆಯೋಜಕರು ತೀರ್ಮಾನಿಸಿದರು. ಮಾಲ್ಟಾ ತನ್ನ ಗಾಯಕಿಯನ್ನು ಉಳಿಸಿಕೊಂಡು ಹೊಸ ಹಾಡಿಗೆ ಹುಡುಕಾಟ ನಡೆಸಿತು.

ಹಾಡು

2021ರ ಮಾರ್ಚ್ 15ರಂದು ಹೊರಬಂದ ಹೊಸ ಹಾಡಿನ ಹೆಸರು ‘ಜ ಮ ಕಾಸ್’. ಹಾಡು ಇಂಗ್ಲಿಷಿನದು, ಹೆಸರು ಮಾತ್ರ ಫ್ರೆಂಚಿನದು. ಫ್ರೆಂಚಿನಲ್ಲಿ ‘ಕಾಸೆ’ ಎಂದರೆ ಮುರಿಯುವುದು. ಪದಕ್ಕೆ ಪದ ಇಟ್ಟು ನೋಡಿದರೆ ‘ನನ್ನನ್ನು ನಾನು ಮುರಿದುಕೊಳ್ಳುತ್ತೇನೆ’ ಎಂದಾಗುತ್ತದೆ, ಆದರೆ ಬೀದಿಯ ಮಾತಿನಲ್ಲಿ ಅದರ ಅರ್ಥ ‘ನಾ ಹೊಂಟೆ’, ಅದೂ ಸ್ವಲ್ಪ ಮುಖಕ್ಕೆ ಹೊಡೆದಂತೆ. ನಮ್ಮ ‘ಕಾಲ್ಕೀಳುವುದು’ ಕೂಡ ಇದೇ ಜಾತಿಯದು; ಅಲ್ಲಿ ಯಾರೂ ಕಾಲನ್ನು ಕೀಳುವುದಿಲ್ಲ, ಇಲ್ಲಿ ಯಾರೂ ಏನನ್ನೂ ಮುರಿಯುವುದಿಲ್ಲ. ಒಂದು ವರ್ಷದ ಹಿಂದೆ, 2020ರ ಫೆಬ್ರವರಿ 28ರಂದು, ಪ್ಯಾರಿಸಿನ ಸೆಸಾರ್ ಚಲನಚಿತ್ರ ಪ್ರಶಸ್ತಿ ಸಮಾರಂಭದಲ್ಲಿ ಲೈಂಗಿಕ ದೌರ್ಜನ್ಯದ ಆರೋಪಗಳಿದ್ದ ರೋಮನ್ ಪೋಲಾನ್‌ಸ್ಕಿಗೆ ನಿರ್ದೇಶಕ ಪ್ರಶಸ್ತಿ ಘೋಷಣೆಯಾದಾಗ ನಟಿ ಅಡೆಲ್ ಎನೆಲ್ ಎದ್ದು ಹೊರನಡೆದಿದ್ದರು. ಆಮೇಲೆ ‘ಏಳುತ್ತೇವೆ, ಹೊರಡುತ್ತೇವೆ’ ಎಂಬ ಘೋಷಣೆಯಲ್ಲಿ ಇದೇ ಕ್ರಿಯಾಪದ ಫ್ರಾನ್ಸಿನ ಹೆಣ್ಣುಮಕ್ಕಳ ಬಾಯಲ್ಲಿ ಓಡಾಡಿತ್ತು. ಮಾಲ್ಟಾದ ಹಾಡು ಅಲ್ಲಿಂದ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ಫ್ರೆಂಚ್ ಬಲ್ಲ ಕಿವಿಗೆ ಆ ಮೂರು ಪದಗಳು ಬರೀ ಶಬ್ದವಾಗಿ ಕೇಳುವಂಥ ಕಾಲ ಅದಾಗಿರಲಿಲ್ಲ.

ಹಾಡಿನ ಸನ್ನಿವೇಶ ಸರಳ. ಒಬ್ಬ ಹುಡುಗಿ ಅಲಂಕರಿಸಿಕೊಂಡು ಗೆಳತಿಯರೊಂದಿಗೆ ಹೊರಗೆ ಬಂದಿದ್ದಾಳೆ, ಒಬ್ಬಾತ ಅದನ್ನು ತನಗೆ ಕೊಟ್ಟ ಕರೆಯೋಲೆ ಎಂದು ತಿಳಿದು ಹತ್ತಿರ ಬರುತ್ತಾನೆ. ಚೆಂದ ಕಂಡ ಮಾತ್ರಕ್ಕೆ, ಮೈ ತುಸು ತೋರಿದ ಮಾತ್ರಕ್ಕೆ ನಾನು ನಿನಗೆ ಒಲಿದೆನೆಂದಲ್ಲ, ಎಂದು ಹೇಳಿ ಆಕೆ ಹೊರಡುತ್ತಾಳೆ. ಸಂಗೀತದಲ್ಲಿ 1920ರ ದಶಕದ ಸ್ವಿಂಗ್ ಕುಣಿತದ ಛಾಯೆಯಿದೆ; ಎಲೆಕ್ಟ್ರಾನಿಕ್ ತಾಳದ ಮೇಲೆ ಕಹಳೆಯಂತಹ ವಾದ್ಯದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಡೆಸ್ಟಿನಿಯ ಕಂಠ ಕೆಳಗಿನ ಸ್ವರಗಳಲ್ಲಿ ತುಂಟತನದಿಂದ ಆರಂಭವಾಗಿ ಕೊನೆಯ ಅರ್ಧ ನಿಮಿಷದಲ್ಲಿ ತಾರಕಕ್ಕೆ ಏರಿ, ಕಪ್ಪು ಅಮೆರಿಕನ್ನರ ಸೋಲ್ ಸಂಗೀತದ ಹಿರಿಯ ಗಾಯಕಿಯರನ್ನು ನೆನಪಿಸುವಷ್ಟು ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಯೂರೋವಿಷನ್‌ನಲ್ಲಿ ಹಾಡು ಮೂರು ನಿಮಿಷ ಮೀರುವಂತಿಲ್ಲ, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಮುಖ್ಯ ಗಾಯನ ಅಲ್ಲೇ ಹಾಡಿದ್ದಾಗಿರಬೇಕು. ಕೋವಿಡ್ ಕಾರಣದಿಂದ ಆ ವರ್ಷ ಹಿನ್ನೆಲೆಯ ದನಿಗಳನ್ನು ಮೊದಲೇ ಮುದ್ರಿಸಿ ತರಲು ಮೊತ್ತಮೊದಲ ಬಾರಿಗೆ ಅನುಮತಿ ಸಿಕ್ಕಿತ್ತು. ಹಾಗಾಗಿ ಹಿನ್ನೆಲೆ ಗಾಯಕರಿಗೆ ಮೀಸಲಾಗುತ್ತಿದ್ದ ಜಾಗಗಳನ್ನು ಕುಣಿಯುವವರಿಗೆ ಬಿಟ್ಟುಕೊಡಲು ಎಲ್ಲ ದೇಶಗಳಿಗೂ ಸಾಧ್ಯವಾಯಿತು. ಮಾಲ್ಟಾ ಕೂಡ ಹಾಗೆಯೇ ಮಾಡಿತು. ಮಿರುಗುವ ಉಡುಪಿನಲ್ಲಿ ಡೆಸ್ಟಿನಿ ನಡುವೆ, ನರ್ತಕಿಯರು ಸುತ್ತ, ಹಿಂದೆ ಹೊಳೆಯುವ ಪರದೆ.

ಹಾಡಿನ ರಚನೆಯ ಕೆಳಗಿರುವ ಹೆಸರುಗಳು ನಾಲ್ಕು: ಮಲಿನ್ ಕ್ರಿಸ್ಟಿನ್, ಪೀಟ್ ಬ್ಯಾರಿಂಜರ್, ಅಮಾನುಯೆಲ್ ಡರ್ಮೊಂಟ್, ನಿಕ್ಲಾಸ್ ಎಕ್ಲುಂಡ್. ಇವರಲ್ಲಿ ಡೆಸ್ಟಿನಿಯ ಹೆಸರಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಯೂರೋವಿಷನ್‌ನಲ್ಲಿ ಸ್ವೀಡನ್ನಿನ ಪಾಪ್ ವಲಯದಿಂದ ಹಾಡು ತರಿಸಿಕೊಳ್ಳುವುದು, ನಾವು ಮದುವೆಗೆ ಉಡುಪಿಯ ಅಡುಗೆಯವರನ್ನು ಕರೆಸುವಷ್ಟೇ ರೂಢಿಯ ಮಾತು. ಆದರೂ ನನ್ನ ಯಜಮಾನಿಕೆ ನನ್ನದು ಎಂದು ಹೇಳುವ ಹಾಡಿನಲ್ಲಿ ಆ ‘ನಾನು’ ಯಾರು ಎಂಬ ಪ್ರಶ್ನೆ ಬೇರೆ ಹಾಡುಗಳಿಗಿಂತ ಹೆಚ್ಚು ತೂಗುತ್ತದೆ. ಅದಕ್ಕೆ ಮತ್ತೆ ಬರುತ್ತೇನೆ.

ನಾಲ್ಕು ದಿನಗಳ ಅಂತರ

47ರ ಸುದ್ದಿ ಹರಡಿದ ಕೂಡಲೇ ಸಿದ್ಧವಾಗಿದ್ದ ಒಂದು ವಿವರಣೆ ಚಲಾವಣೆಗೆ ಬಂತು: ದಪ್ಪಗಿರುವ ಕಪ್ಪು ಹುಡುಗಿ ಆತ್ಮವಿಶ್ವಾಸದಿಂದ ನಿಂತರೆ ಯೂರೋಪಿನ ಜನ ಮತ ಹಾಕುವುದಿಲ್ಲ. ಆಕೆಯ ಮೈಕಟ್ಟಿನ ಬಗ್ಗೆ ಜಾಲತಾಣಗಳಲ್ಲಿ ಕೊಳಕು ಮಾತುಗಳು ಬಂದದ್ದು ನಿಜ, ಅವುಗಳನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಈ ವಿವರಣೆ ಒಂದು ಅಂಕಿಯ ಮುಂದೆ ನಿಲ್ಲುವುದಿಲ್ಲ. ನಾಲ್ಕೇ ದಿನ ಮುಂಚೆ, ಮೇ 18ರಂದು, ಇದೇ ಗಾಯಕಿ ಇದೇ ಹಾಡಿನೊಂದಿಗೆ ಇದೇ ವೇದಿಕೆಯಲ್ಲಿ ಮೊದಲ ಸೆಮಿಫೈನಲ್ ಅನ್ನು 325 ಅಂಕಗಳೊಂದಿಗೆ ಗೆದ್ದಿದ್ದರು. ಅದರಲ್ಲಿ ಜನರ ಪಾಲು 151. ಅಂದು ಮಾಲ್ಟಾಕ್ಕೆ ಮತ ಹಾಕಬಹುದಾಗಿದ್ದ ದೇಶಗಳು 18 ಮಾತ್ರ, ಸಿಗಬಹುದಾಗಿದ್ದ ಗರಿಷ್ಠ ಅಂಕ 216. ಅದರಲ್ಲಿ 151 ಎಂದರೆ ಜನ ಬಾಚಿ ಕೊಟ್ಟಂತೆ. ಜನಮತದಲ್ಲಿ ಅಂದು ಮಾಲ್ಟಾಕ್ಕಿಂತ ಮುಂದಿದ್ದದ್ದು 164 ಅಂಕಗಳ ಉಕ್ರೇನ್ ಒಂದೇ. ಫೈನಲ್‌ನಲ್ಲಿ, ಸ್ವಂತ ದೇಶದ ಮತ ಸಿಗದ್ದರಿಂದ ಅದನ್ನು ಬಿಟ್ಟು, ಮತ ಹಾಕುವ ದೇಶಗಳು 38ಕ್ಕೆ ಏರಿದವು, ಗರಿಷ್ಠ ಅಂಕ 456 ಆಯಿತು. ಉಕ್ರೇನಿನ ಅಂಕ 164ರಿಂದ 267ಕ್ಕೆ ಏರಿತು. ಮಾಲ್ಟಾದ್ದು 151ರಿಂದ 47ಕ್ಕೆ ಇಳಿಯಿತು. ಆ 18 ದೇಶಗಳ ಜನ ನಾಲ್ಕು ದಿನಗಳಲ್ಲಿ ಆಕೆಯ ಮೈಬಣ್ಣವನ್ನು ಹೊಸದಾಗಿ ಕಂಡುಕೊಂಡಿರಲಾರರು.

ಹಾಗಾದರೆ ಬದಲಾದದ್ದು ಏನು? ಮೊದಲನೆಯದಾಗಿ ಸರದಿ. ಸೆಮಿಫೈನಲ್‌ನಲ್ಲಿ ಮಾಲ್ಟಾ ಹದಿನಾರನೆಯದಾಗಿ, ಅಂದರೆ ಎಲ್ಲರಿಗಿಂತ ಕೊನೆಗೆ ಹಾಡಿತ್ತು. ಆ ತಾರಕದ ಸ್ವರ ಕಿವಿಯಲ್ಲಿ ಇನ್ನೂ ಆರುವ ಮುಂಚೆ ಮತದಾನ ತೆರೆದಿತ್ತು. ಫೈನಲ್‌ನಲ್ಲಿ 26 ಹಾಡುಗಳ ಪೈಕಿ ಅದರ ಸರದಿ ಆರನೆಯದು. ಅದು ಮುಗಿದ ಮೇಲೆ ಇನ್ನೂ ಇಪ್ಪತ್ತು ಹಾಡುಗಳು ಬಂದು ಹೋದವು. ಎರಡನೆಯದಾಗಿ ನೆರೆಹೊರೆ. ಅಂದು ಮೊದಲು ಹಾಡಿದ್ದು ಸೈಪ್ರಸ್, ಆಮೇಲೆ ಅಲ್ಬೇನಿಯಾ, ಇಸ್ರೇಲ್, ಬೆಲ್ಜಿಯಂ, ರಷ್ಯಾ, ಆರನೆಯದಾಗಿ ಮಾಲ್ಟಾ. ಈ ಆರರಲ್ಲಿ ಬೆಲ್ಜಿಯಂ ಒಂದನ್ನು ಬಿಟ್ಟರೆ ಉಳಿದ ಐದೂ ಒಬ್ಬಂಟಿ ಗಾಯಕಿಯರವು. ಐವರ ಹಾಡುಗಳಲ್ಲಿಯೂ ಒಂದಲ್ಲ ಒಂದು ಬಗೆಯ ಬಿಡುಗಡೆಯ, ಪಂತದ, ತೋರಿಕೆಯ ಮಾತಿತ್ತು. ಹೆಣ್ಣಿನ ದಿಟ್ಟತನ ಎಂಬುದು ಆ ಸಂಜೆಯ ಮೊದಲ ಅರ್ಧ ಗಂಟೆಯಲ್ಲಿ ಅಪರೂಪದ ಸಂಗತಿಯಾಗಿ ಉಳಿದಿರಲಿಲ್ಲ.

ಮೂರನೆಯ ಕಾರಣ ಎಣಿಕೆಯ ಕ್ರಮದಲ್ಲಿಯೇ ಇದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ಆಗ ಪ್ರತಿ ದೇಶದಲ್ಲಿ ಸಂಗೀತ ವಲಯದ ಐವರು ತೀರ್ಪುಗಾರರಿರುತ್ತಿದ್ದರು. ಅವರು ಎಲ್ಲ ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಶ್ರೇಣಿಯಲ್ಲಿ ಜೋಡಿಸಬೇಕು. ಕಂಠದ ಶಕ್ತಿ, ವೇದಿಕೆಯ ಪ್ರದರ್ಶನ, ರಚನೆಯ ಸ್ವಂತಿಕೆ, ಒಟ್ಟಾರೆ ಪರಿಣಾಮ ಇವು ಅವರ ಅಳತೆಗೋಲುಗಳು. ಅವರು ನೋಡುವುದೂ ಶನಿವಾರದ ನೇರ ಪ್ರಸಾರವನ್ನಲ್ಲ, ಶುಕ್ರವಾರ ರಾತ್ರಿಯ ಪೂರ್ಣ ತಾಲೀಮನ್ನು. ಮನೆಯ ವೀಕ್ಷಕ ಯಾವ ಶ್ರೇಣಿಯನ್ನೂ ಮಾಡುವುದಿಲ್ಲ. ಆತ ಫೋನನ್ನೋ ಆ್ಯಪನ್ನೋ ಹಿಡಿದು, ಹಣ ಕೊಟ್ಟು, ತನಗೆ ಬೇಕೇ ಬೇಕೆನಿಸಿದ ಹಾಡಿಗೆ ಮತ ಹಾಕುತ್ತಾನೆ, ಅಷ್ಟೇ. ನಾಲ್ಕನೆಯ ಇಷ್ಟದ ಹಾಡಿಗೆಂದು ಯಾರೂ ಫೋನ್ ಮಾಡುವುದಿಲ್ಲ. ದೇಶದ ಒಟ್ಟು ಮತಗಳಲ್ಲಿ ಮೊದಲು ಬಂದ ಹಾಡಿಗೆ 12, ಎರಡನೆಯದಕ್ಕೆ 10, ಮೂರನೆಯದಕ್ಕೆ 8, ಅಲ್ಲಿಂದ ಕೆಳಕ್ಕೆ ಒಂದೊಂದು ಕಡಿಮೆಯಾಗುತ್ತಾ ಹತ್ತನೆಯದಕ್ಕೆ 1. ಹನ್ನೊಂದನೆಯದಕ್ಕೆ ಸೊನ್ನೆ. ಹದಿನಾರು ಹಾಡುಗಳ ಸೆಮಿಫೈನಲ್‌ನಲ್ಲಿ, ಜನ ಸಾಕಷ್ಟು ಮೆಚ್ಚಿದ ಹಾಡು ಮೊದಲ ಹತ್ತರಿಂದ ಹೊರಗೆ ಬೀಳುವುದು ಕಷ್ಟ. ಫೈನಲ್‌ನಲ್ಲಿ, ಅಲ್ಲಿ ಗೆದ್ದುಬಂದ ಹತ್ತರೊಂದಿಗೆ ಹೊಸದಾಗಿ ಹದಿನಾರು ಹಾಡುಗಳು ಬಂದು ಸೇರುತ್ತವೆ. ಅಲ್ಲಿ ಏಳನೆಯದಾಗಿದ್ದದ್ದು ಇಲ್ಲಿ ಹನ್ನೊಂದನೆಯದೋ ಹನ್ನೆರಡನೆಯದೋ ಆಗಲು ಹೆಚ್ಚೇನೂ ಬೇಕಿಲ್ಲ. ಮದುವೆಯೂಟದ ಎಲೆಯಲ್ಲಿ ಒಂದು ಪಲ್ಯ ಇರುತ್ತದೆ: ಯಾರೂ ಬೇಡವೆಂದು ಪಕ್ಕಕ್ಕೆ ಸರಿಸುವುದಿಲ್ಲ, ಯಾರೂ ಇನ್ನೊಂದು ಸಲ ಬಡಿಸಿ ಎಂದು ಕೈಸನ್ನೆ ಮಾಡುವುದೂ ಇಲ್ಲ. ‘ಜ ಮ ಕಾಸ್’ ಆ ರಾತ್ರಿ ಬಹಳಷ್ಟು ದೇಶಗಳಲ್ಲಿ ಆ ಪಲ್ಯವಾಗಿತ್ತು ಎಂಬುದು ನನ್ನ ತೀರ್ಮಾನ.

ಅದೇ ಮಾತನ್ನು ಹೇಳಿದ ಇನ್ನಿಬ್ಬರು

ಮುಂದಿನ ಪ್ರಶ್ನೆ, ಅದು ಪಲ್ಯವಾದದ್ದು ಏಕೆ ಎಂಬುದು. ಇದಕ್ಕೆ ಇದೇ ವಸ್ತುವಿನ ಇನ್ನೆರಡು ಹಾಡುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು.

2018ರಲ್ಲಿ ಲಿಸ್ಬನ್‌ನಲ್ಲಿ ಇಸ್ರೇಲಿನ ನೆಟ್ಟಾ ಬರ್ಜಿಲೈ ‘ಟಾಯ್’ ಹಾಡಿನಿಂದ ಗೆದ್ದರು. ನಾನು ನಿನ್ನ ಆಟಿಕೆಯಲ್ಲ ಎಂಬುದೇ ಅದರ ಸಾರ, ಅಂದರೆ ಡೆಸ್ಟಿನಿ ಹಾಡಿದ ಮಾತಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ನೆಟ್ಟಾ ಕೂಡ ದಪ್ಪಗಿದ್ದ ಹುಡುಗಿ, ಆಕೆಗೂ ಮೈಕಟ್ಟಿನ ಹೀಯಾಳಿಕೆ ತಪ್ಪಿರಲಿಲ್ಲ. ಆ ಹಾಡಿಗೆ ತೀರ್ಪುಗಾರರು ಕೊಟ್ಟದ್ದು 212, ಡೆಸ್ಟಿನಿಗೆ ಕೊಟ್ಟದ್ದು 208. ಸರಿಸುಮಾರು ಒಂದೇ. ಜನ ನೆಟ್ಟಾಗೆ ಕೊಟ್ಟದ್ದು 317. ಮೂರು ವರ್ಷಗಳ ನಂತರ ಮಾಲ್ಟಾ ಗೆಲ್ಲಲು ಇಟಲಿಯ 524ನ್ನು ದಾಟಬೇಕಿತ್ತು, ಅದಕ್ಕೆ ಬೇಕಿದ್ದ ಜನಮತದ ಅಂಕ ಕರಾರುವಾಕ್ಕಾಗಿ 317. ವರ್ಷಗಳು ಬೇರೆ, ಮತ ಹಾಕಿದ ದೇಶಗಳ ಸಂಖ್ಯೆ ಬೇರೆ, ಒಬ್ಬರಿಗೆ ಹೋದ ಅಂಕ ಇನ್ನೊಬ್ಬರಿಂದ ಬಂದಿರಬೇಕು, ಹಾಗಾಗಿ ಈ ಹೋಲಿಕೆಯಿಂದ ಯಾವ ಸೂತ್ರವೂ ಹೊರಡುವುದಿಲ್ಲ. ಆದರೂ ಕಾಕತಾಳೀಯಕ್ಕೆ ಒಮ್ಮೊಮ್ಮೆ ಕ್ರೂರವಾದ ಅಚ್ಚುಕಟ್ಟುತನ ಇರುತ್ತದೆ.

ನೆಟ್ಟಾ ವೇದಿಕೆಗೆ ಏನು ತಂದಿದ್ದರು? ಹಾಡಿದ ದನಿಯನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಒಂದು ಲೂಪರ್ ಯಂತ್ರದ ಎದುರು ನಿಂತು, ಗಂಟಲಿನಿಂದ ಹೊರಡುವ ವಿಚಿತ್ರ ಸದ್ದುಗಳೊಂದಿಗೆ ಶುರು ಮಾಡಿ, ನಡುನಡುವೆ ಕೋಳಿಯಂತೆ ಕೊಕ್ಕರಿಸಿದರು. ತನ್ನನ್ನು ಕಾಡಿದ ಗಂಡನ್ನು ಬೈಯುವ ಬದಲು ಅಣಕಿಸಿದರು. ಹಿಂದೆ ಕೈ ಬೀಸುವ ಜಪಾನಿ ಬೆಕ್ಕಿನ ಗೊಂಬೆಗಳ ಸಾಲು. ಅದನ್ನು ಕಂಡು ಮುಖ ಸಿಂಡರಿಸಿ ಟಿವಿ ಆರಿಸಿದವರು ಬಹಳ ಮಂದಿ ಇದ್ದಿರಬೇಕು. ನಾನೇ ಮೊದಲ ಸಲ ಅರ್ಧಕ್ಕೆ ನಿಲ್ಲಿಸಿದ್ದೆ. ಆದರೆ ದ್ವೇಷಿಸಿದವರ ಮತಕ್ಕೆ ಜನಮತದಲ್ಲಿ ತೂಕವಿಲ್ಲ. ಒಬ್ಬರು ಎಷ್ಟೇ ಅಸಹ್ಯಪಟ್ಟರೂ ಅವರು ಒಂದಂಕವನ್ನೂ ಕಿತ್ತುಕೊಳ್ಳಲಾರರು, ಮೋಹಗೊಂಡವರು ಮಾತ್ರ ಕೊಡಬಲ್ಲರು.

ಎರಡನೆಯ ಉದಾಹರಣೆ ಅದೇ ರಾತ್ರಿಯದು, ಡೆಸ್ಟಿನಿಗಿಂತ ಒಂದೇ ಸ್ಥಾನ ಮುಂಚೆ ಹಾಡಿದ್ದು. ತಜಿಕಿಸ್ತಾನದ ದುಶಾಂಬೆಯಲ್ಲಿ ಹುಟ್ಟಿ, ಅಂತರ್ಯುದ್ಧದ ಕಾರಣ ಮನೆಯವರೊಂದಿಗೆ ಮಾಸ್ಕೊಗೆ ಬಂದ ಮಾನಿಝಾ, ‘ರಷ್ಯನ್ ವುಮನ್’ ಎಂಬ ಹಾಡಿನೊಂದಿಗೆ ರಷ್ಯಾವನ್ನು ಪ್ರತಿನಿಧಿಸಿದ್ದರು. ಚಕ್ರಗಳ ಮೇಲೆ ಉರುಳಿಬಂದ, ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ದೈತ್ಯಾಕಾರದ ನಿಲುವಂಗಿಯೊಳಗಿನಿಂದ ಕೆಂಪು ಕಾರ್ಮಿಕ ಉಡುಪಿನಲ್ಲಿ ಆಕೆ ಹೊರಬಂದರು. ಹಾಡಿನ ಬಹುಭಾಗ ರಷ್ಯನ್ ಭಾಷೆಯಲ್ಲಿತ್ತು. ಮೂವತ್ತು ದಾಟಿತಲ್ಲ ಮಕ್ಕಳೆಲ್ಲಿ, ಚೆಂದವೇನೋ ಇದ್ದೀಯ ಸ್ವಲ್ಪ ಮೈ ಇಳಿಸಬಾರದೆ, ಎಂಬಂಥ ಪ್ರಶ್ನೆಗಳನ್ನು ನೆರೆಮನೆಯ ಹೆಂಗಸಿನ ದನಿಯಲ್ಲಿಯೇ ಒಪ್ಪಿಸುತ್ತಿತ್ತು. ಆ ಪ್ರಶ್ನೆಗಳನ್ನು ಕೇಳಿಸಿಕೊಳ್ಳಲು ಮಾಸ್ಕೊದಲ್ಲಿಯೇ ಇರಬೇಕಾಗಿಲ್ಲ, ದಾವಣಗೆರೆಯ ಯಾವುದಾದರೂ ಮದುವೆ ಮಂಟಪದಲ್ಲಿ ಹತ್ತು ನಿಮಿಷ ಕುಳಿತರೂ ಸಾಕು. ಸೆಮಿಫೈನಲ್‌ನಲ್ಲಿ ಮಾನಿಝಾ ಡೆಸ್ಟಿನಿಗಿಂತ ಸರಿಯಾಗಿ ನೂರು ಅಂಕ ಹಿಂದಿದ್ದರು, 225. ಫೈನಲ್‌ನಲ್ಲಿ ಒಟ್ಟು 204 ಪಡೆದು ಒಂಬತ್ತನೆಯವರಾದರು, ಆದರೆ ಅದರಲ್ಲಿ ಜನರ ಪಾಲು 100, ಮಾಲ್ಟಾದ್ದರ ಎರಡು ಪಟ್ಟಿಗಿಂತಲೂ ಹೆಚ್ಚು. ನೆರೆಯ ದೇಶಗಳಲ್ಲಿ ರಷ್ಯನ್ ಮಾತನಾಡುವವರ ಬೆಂಬಲ ಆ ದೇಶಕ್ಕೆ ಸದಾ ಇರುತ್ತಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಐದು ಲಕ್ಷದ ದ್ವೀಪಕ್ಕೆ ಅಂಥ ಆಸರೆ ಇಲ್ಲ. ಆ ರಿಯಾಯಿತಿ ಕೊಟ್ಟ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಮಾನಿಝಾರ ಹಾಡಿನಲ್ಲಿ ಮಾತನಾಡುವ ಹೆಣ್ಣಿಗೆ ಊರಿದೆ, ವಯಸ್ಸಿದೆ, ನೆರೆಯವರಿದ್ದಾರೆ. ‘ಜ ಮ ಕಾಸ್’ನ ಹುಡುಗಿಗೆ ಇವು ಯಾವುವೂ ಇಲ್ಲ. ಆಕೆ ಸ್ಟಾಕ್‌ಹೋಮಿನ ಕ್ಲಬ್ಬಿನಲ್ಲಿ ಇರಬಹುದು, ಮಿಲಾನಿನಲ್ಲಿ ಇರಬಹುದು, ಬಿರ್ಕಿರ್‌ಕಾರಾದಲ್ಲಿ ಮಾತ್ರ ಇದ್ದಂತಿಲ್ಲ.

ಇದು ನನಗೆ ಈ ಪ್ರಕರಣದ ನೋವಿನ ಭಾಗ. ನೈಜೀರಿಯಾದ ಆಟಗಾರನ ಮಗಳಾಗಿ, ಎಲ್ಲರೂ ಎಲ್ಲರನ್ನೂ ಬಲ್ಲ ದ್ವೀಪದಲ್ಲಿ ಬೆಳೆದು, ಹದಿಮೂರರಲ್ಲಿಯೇ ದೇಶದ ಕಣ್ಮಣಿಯಾದ ಹುಡುಗಿಗೆ ಹೇಳಲು ತನ್ನದೇ ಸಂಗತಿಗಳು ಇದ್ದವು. ಹಾಡಿನಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಆಕೆಯದೆಂದು ಅಲ್ಲಿದ್ದದ್ದು ಕಂಠವೊಂದೇ, ತೀರ್ಪುಗಾರರು 208 ಅಂಕ ಕೊಟ್ಟದ್ದು ಆ ಕಂಠಕ್ಕೆ. ಅದೇ ರಾತ್ರಿ ಎರಡನೆಯ ಸ್ಥಾನ ಪಡೆದ ಫ್ರಾನ್ಸಿನ ಬಾರ್ಬರಾ ಪ್ರಾವಿಯ ‘ವುವಾಲಾ’ ಕೂಡ ನಾನು ಹೀಗಿದ್ದೇನೆ, ನೋಡಿ, ಎಂಬ ಹಾಡೇ. ಆದರೆ ಅದರಲ್ಲಿ ಧೈರ್ಯದ ಜೊತೆಗೆ ಹೆದರಿಕೆಯೂ ಇತ್ತು, ಬರವಣಿಗೆಯಲ್ಲಿ ಪ್ರಾವಿಯ ಕೈಯೂ ಇತ್ತು. ಕಪ್ಪು ಉಡುಪು, ಒಂದು ಮೈಕು, ಕುಣಿಯುವವರು ಯಾರೂ ಇಲ್ಲ. ಜನ 251 ಅಂಕ ಕೊಟ್ಟರು. ಡೆಸ್ಟಿನಿಯ ಹಾಡಿನಲ್ಲಿ ಮೊದಲ ಸಾಲಿನಿಂದಲೇ ಗೆಲುವು ನಿಶ್ಚಯವಾಗಿತ್ತು. ಆ ಹುಡುಗಿ ಹೊರಟುಬಿಡುತ್ತಾಳೆ ಎಂಬ ಬಗ್ಗೆ ಕೇಳುವವರಿಗೆ ಒಂದು ಕ್ಷಣವೂ ಆತಂಕವಾಗುವುದಿಲ್ಲ, ಆಕೆಗೆ ನಮ್ಮ ಸಹಾಯ ಬೇಕು ಎಂದೂ ಅನ್ನಿಸುವುದಿಲ್ಲ. ಫೋನ್ ಎತ್ತಿಕೊಳ್ಳುವುದು ಅಂಥದೊಂದು ಅನಿಸಿಕೆಯಿಂದ.

ಬಾಜಿಯ ಪಟ್ಟಿಯೂ ತನ್ನ ಪಾಲಿನ ಹಾನಿ ಮಾಡಿತು. ಎರಡು ತಿಂಗಳ ಕಾಲ ಗೆಲ್ಲುವ ಕುದುರೆಯೆಂದು ಕರೆಸಿಕೊಂಡ ಹಾಡಿಗೆ ಏಳನೆಯ ಸ್ಥಾನ ಸೋಲಿನಂತೆ ಕಂಡಿತು. ನಿರೀಕ್ಷೆಯ ಆ ಹೊರೆಯನ್ನು ತೆಗೆದಿಟ್ಟು ನೋಡಿದರೆ, ಅರ್ಧ ಬೆಂಗಳೂರಿನಷ್ಟೂ ಇಲ್ಲದ ದೇಶ, ಹದಿನೆಂಟರ ಗಾಯಕಿ, 39 ದೇಶಗಳ ನಡುವೆ ಏಳನೆಯ ಸ್ಥಾನ. ಸಭಾಂಗಣದಲ್ಲಿ ಕೋವಿಡ್ ನಿರ್ಬಂಧದಿಂದಾಗಿ ಸುಮಾರು 3,500 ಪ್ರೇಕ್ಷಕರಷ್ಟೇ ಇದ್ದರು, ಅಂದು ಆಕೆ ಹಾಡಿದ ಕೊನೆಯ ಸ್ವರಗಳಲ್ಲಿ ಒಂದೂ ಜಾರಲಿಲ್ಲ.

ಮುಂದೆ ಮಾಲ್ಟಾ ಮಾಡಿದ್ದು

2022ರಲ್ಲಿ ಮಾಲ್ಟಾ ಎಮ್ಮಾ ಮಸ್ಕಟ್ ಎಂಬ ಗಾಯಕಿಯನ್ನು ಕಳಿಸಿತು. ರಾಷ್ಟ್ರೀಯ ಆಯ್ಕೆಯಲ್ಲಿ ಗೆದ್ದ ಹಾಡನ್ನು ಬದಲಿಸಿ ಕೊನೆಗೆ ಕೊಂಡೊಯ್ದದ್ದು ಮತ್ತೆ ಆತ್ಮಬಲದ ಹಾಡನ್ನೇ, ನಾನು ಇರುವುದೇ ಹೀಗೆ ಎಂಬ ಧಾಟಿಯದು. ಟ್ಯೂರಿನ್‌ನ ಸೆಮಿಫೈನಲ್‌ ದಾಟಲಿಲ್ಲ. 2023, 2024ರಲ್ಲಿಯೂ ದಾಟಲಿಲ್ಲ.

2025ರ ಸ್ಪರ್ಧೆಗೆ ಮಿರಿಯಾನಾ ಕೊಂಟೆ ಹಾಡಿದ ಹಾಡಿನ ಮೂಲ ಹೆಸರು ‘ಕಂಟ್’. ಮಾಲ್ಟೀಸ್ ಭಾಷೆಯಲ್ಲಿ ಅದರ ಅರ್ಥ ಹಾಡುಗಾರಿಕೆ. ಇಂಗ್ಲಿಷ್ ಕಿವಿಗೆ ಅದು ಹೆಣ್ಣಿನ ಅಂಗವನ್ನು ಹೆಸರಿಸುವ ಬೈಗುಳದಂತೆ ಕೇಳುತ್ತದೆ, ಆ ಎರಡರ್ಥ ಉದ್ದೇಶಪೂರ್ವಕವೇ ಆಗಿತ್ತು. ಬರೆದವರ ಪಟ್ಟಿಯಲ್ಲಿ ಈ ಸಲ ಗಾಯಕಿಯ ಹೆಸರೂ ಇತ್ತು, ಹತ್ತು ವರ್ಷಗಳ ಹಿಂದೆ ಡೆಸ್ಟಿನಿಯ ಜೂನಿಯರ್ ಹಾಡನ್ನು ಬರೆದ ಮ್ಯಾಥ್ಯೂ ಮೆರ್ಚೀಕಾರ ಹೆಸರೂ ಇತ್ತು. ಹಾಡು ಕೊನೆಗೂ ಮಾಲ್ಟಾದ ಮಣ್ಣಿನ ಒಂದು ಪದವನ್ನು ಹಿಡಿದಿತ್ತು. ಆ ಪದವನ್ನೇ ಬಳಸಕೂಡದೆಂದು ಸ್ಪರ್ಧೆಯನ್ನು ನಡೆಸುವ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ತಿಳಿಸಿತು. ಹಾಡಿನ ಹೆಸರು ‘ಸರ್ವಿಂಗ್’ ಎಂದು ಬದಲಾಯಿತು, ಪದವಿದ್ದ ಕಡೆಗಳಲ್ಲಿ ಖಾಲಿ ಜಾಗ ಬಿಟ್ಟರು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಮಿರಿಯಾನಾ ಆ ಖಾಲಿ ಜಾಗಕ್ಕೆ ಬಂದು ನಿಂತಾಗ ಸಭಾಂಗಣದ ಪ್ರೇಕ್ಷಕರೇ ಬಿಟ್ಟ ಪದವನ್ನು ಕೂಗಿ ತುಂಬಿದರು. ಫೈನಲ್‌ನಲ್ಲಿ ಮಾಲ್ಟಾ 91 ಅಂಕ ಪಡೆದು ಹದಿನೇಳನೆಯದಾಯಿತು; ತೀರ್ಪುಗಾರರಿಂದ 83, ಜನರಿಂದ 8.